ಟ್ರೆಬಲ್ ಆರೋ ಮೂರೋ

ಮಾರ್ಚ್ ೪

ಶ್ರೀಮದಖಂಡ ಷಟ್‌ತಂತ್ರಿ ಸಾರ್ವಭೌಮ, ವಾಲ್ವ್ ವಲ್ಲಭ, ಸ್ಪೀಕರ್ ಸಂರಕ್ಷಕ, ಮೂರು ಕಾಲಿನ ಪ್ಲಗ್ಗನ್ನು ಎರಡು ಕಣ್ಣಿನ ಸಾಕೆಟ್ಟಿಗೆ ಒಪ್ಪಿಸಿದ ಸಂಧಾನಚತುರ, ಫ್ಯಾನ್ ಕಾರ್ಖಾನೆಯ ಕರ್ಣಶಿರೋಮಣಿ, ನನ್ನ ಅಮ್ಮನ ಏಕಮಾತ್ರ ತಮ್ಮ ಎಂಬ ಬಿರುದಿನಿಂದ ಶೋಭಿಸುತ್ತಿರುವ ಮಾವನವರ ಪಾದಾರವಿಂದಗಳಿಗೆ, ಸಾಕ್ಸ್ ಸಮೇತ,

ಕೀ ಅಂಗಡಿಯ ಮೇಲಿನ ಕೋಣೆಯಿಂದ ತಮ್ಮ ಅಕ್ಕನ ಮಗಳು, ತಾವೇ ‘ತರಲೆ’ ಎಂದು ಹೆಸರಿಟ್ಟ ಪಾಮರಳು, ಮಾಡಿಕೊಳ್ಳುವ ವಿಜ್ಞಾಪನೆ.

ತಾವು ಊರು ಬಿಟ್ಟು ಎರಡು ವರ್ಷ ಒಂದು ತಿಂಗಳಾಯಿತು. ಫೋನ್ ಮಾಡಿದರೆ ‘ಹ್ಞಾ? ಏನು? ಇಲ್ಲಿ ಮಷೀನ್ ಗದ್ದಲ, ಕಾಗದ ಬರಿ’ ಎನ್ನುತ್ತೀರಿ. ಭಾನುವಾರ ಮಾಡಿದರೂ ಮಷೀನ್ ಗದ್ದಲವಂತೆ. ರಜಾದಿನವೂ ದುಡಿಯುವ ಆ ಮಷೀನುಗಳಿಗೆ ನನ್ನ ಸಹಾನುಭೂತಿ ತಿಳಿಸಿ. ಆದಕಾರಣ ಈ ಕಾಗದ.

ವಿಷಯಕ್ಕೆ ಬರುತ್ತೇನೆ. ನಿನ್ನೆ ಅಂಗಡಿಗೆ ಗುಡುಗು ಅಂಕಲ್ ಬಂದಿದ್ದರು. ನಿಮ್ಮ ಬ್ಯಾಂಡಿನ ಡ್ರಮ್ಮಿನವರ ಹೆಸರು ಓದಿದ ಕೂಡಲೇ ತಾವು ಈ ಕಾಗದವನ್ನು ಮಡಚಿ ಜೇಬಿಗೆ ತುರುಕುತ್ತೀರೆಂದು ನನಗೆ ಗೊತ್ತು. ತುರುಕಿ ಆಯಿತೇ? ಈಗ ತೆಗೆದು ಮುಂದಕ್ಕೆ ಓದಿ.

ಗೋಡೌನಿನ ಬೀಗಕ್ಕೆ ಇನ್ನೊಂದು ಕೀ ಬೇಕೆಂದು ಬಂದವರು ಕೌಂಟರಿಗೆ ಒರಗಿ ನಿಂತು, “ಜೂನ್ ಹದಿನಾಲ್ಕಕ್ಕೆ ನಮ್ಮ ಬ್ಯಾಂಡಿಗೆ ಇಪ್ಪತ್ತೈದು ವರ್ಷ. ಲೈಬ್ರರಿ ಹಾಲ್ ಹಿಡಿದಿದ್ದೀನಿ. ಗಿಟಾರಿಗೆ ಜನ ಇಲ್ಲ” ಅಂದರು.

ಅಮ್ಮ ಕೀ ಉಜ್ಜುವ ಮಷೀನ್ ನಿಲ್ಲಿಸದೆಯೇ, “ಜನ ಇದ್ದ. ನೀನೇ ಓಡಿಸಿದ್ದು” ಅಂದಳು.

ಅಂಕಲ್ ಬಿಸಿ ಕೀಯನ್ನು ಅಂಗೈಯಿಂದ ಅಂಗೈಗೆ ಬದಲಿಸಿ ತಣ್ಣಗೆ ಮಾಡಿಕೊಂಡರು. ಆಮೇಲೆ ನನ್ನ ಕಡೆ ತಿರುಗಿ, “ನೀನು ನುಡಿಸ್ತೀಯಂತಲ್ಲ. ಬಾ. ಆದ್ರೆ ಸುಮ್ಮನೆ ಜಾಗ ತುಂಬೋಕೆ ಬರಬೇಡ. ನಿನ್ನ ಮಾವನ ಹಳೇ ಸೌಂಡು ತಗೊಂಡು ಬಾ. ಹಳೇದು” ಅಂದರು. ಹಳೇದು ಅಂತ ಎರಡು ಸಲ ಹೇಳಿದರು.

ತಮ್ಮ ಗಿಟಾರೂ ಆಂಪ್ಲಿಫೈಯರೂ ನನ್ನ ಕೋಣೆಯಲ್ಲೇ ಇವೆ. ತಾವು ಬಿಟ್ಟುಹೋದ ದಿನ ಹೊದಿಸಿದ ಬೆಡ್‌ಶೀಟನ್ನು ನಿನ್ನೆ ತೆಗೆದೆ. ಹಚ್ಚಿ ನುಡಿಸಿದರೆ ಸ್ಟೀಲ್ ತಟ್ಟೆಗೆ ಚಮಚದಲ್ಲಿ ಹೊಡೆದಂತಿತ್ತು. ನಾನು ಚಿಕ್ಕವಳಿದ್ದಾಗ ಆ ಪೆಟ್ಟಿಗೆಯ ಹಿಂಭಾಗದಲ್ಲಿ ಕೂತು ಬಲ್ಬಿನಂತೆ ಉರಿಯುವ ವಾಲ್ವ್‌ಗಳ ಬಿಸಿಗೆ ಕೈ ಕಾಯಿಸಿಕೊಳ್ಳುತ್ತಿದ್ದೆ. ಆಗ ಮುಂದುಗಡೆಯಿಂದ ಬರುತ್ತಿದ್ದ ದನಿಯೂ ಹಾಗೇ ಇತ್ತು, ಕೈ ಕಾಯಿಸಿಕೊಳ್ಳಬಹುದಾದಂಥದ್ದು. ಅದು ಎಲ್ಲಿ ಹೋಯಿತು? ಹೇಗೆ ತರಿಸುವುದು? ಯಾವ ನಾಬ್ ಎಲ್ಲಿಗೆ ತಿರುಗಿಸಬೇಕು? ಆಜ್ಞಾಪಿಸಬೇಕು.

ಇಂತು ತಮ್ಮ ಪಾದಧೂಳಿಗಿಂತ ಎರಡು ಇಂಚು ಕೆಳಗಿರುವ,
ತರಲೆ

ವಿ.ಸೂ.: ತಾವೇ ಬಂದು ನುಡಿಸಿದರೆ ಈ ಕಾಗದ ರದ್ದು.


ಮಾರ್ಚ್ ೧೯

ತರಲೆ,

ನಿನ್ನ ಬಿರುದುಗಳನ್ನು ಊಟದ ಬಿಡುವಿನಲ್ಲಿ ಓದಿದೆ. ಪಕ್ಕದ ಮೇಜಿನ ಕನ್ನಡಕದಮ್ಮ “ಯಾರ ಕಾಗದ, ಒಬ್ಬರೇ ನಗ್ತಿದ್ದೀರಿ” ಅಂದರು. “ನೆಂಟರ ಪೈಕಿ ಒಂದು ಕೋತಿ” ಅಂದೆ.

ನಾನು ಬರುವುದಿಲ್ಲ. ಗುಡುಗಿನ ಮಾತೂ ಬೇಡ. ನಾಲ್ಕು ಜನರ ಎದುರು ಡ್ರಮ್ಮಿನ ಕೋಲು ಕೆಳಗಿಟ್ಟು “ಏನಯ್ಯ, ಗಿಟಾರಲ್ಲಿ ಗಾಜು ಕೊಯ್ತಿದ್ದೀಯ? ಕಿವಿ ಕೊರೀತಿದೆ, ನಿನಗೆ ಕೇಳಿಸ್ತಿಲ್ವಾ?” ಅಂದವನು ಅವನು. ಇಪ್ಪತ್ತಮೂರು ವರ್ಷ ಜೊತೆಗೆ ನುಡಿಸಿದ್ದೆ. ಅವನಿಗಾಗಿ ಏನೂ ಹೇಳಿಕೊಡಲಾರೆ. ನಿನಗಾಗಿ ಹೇಳುತ್ತೇನೆ.

ಮೊದಲು ಒಂದು ತಿಳಿದುಕೋ. ಕ್ಲೀನ್ ಬೇರೆ, ಬೆಚ್ಚಗೆ ಬೇರೆ. ತೊಳೆದಿಟ್ಟ ಪಾತ್ರೆಯೂ ಕ್ಲೀನೇ, ಮುಟ್ಟಿದರೆ ತಣ್ಣಗಿರುತ್ತದೆ. ಆಗತಾನೇ ಇಸ್ತ್ರಿ ಮಾಡಿದ ಅಂಗಿಯೂ ಕ್ಲೀನೇ. ನಿನಗೆ ಬೇಕಾದದ್ದು ಆ ಅಂಗಿ.

ಸ್ವಿಚ್ ಹಾಕಿದ ಕೂಡಲೇ ನುಡಿಸಬೇಡ. ವಾಲ್ವ್‌ಗಳಿಗೆ ಐದು ನಿಮಿಷ ಕೊಡು, ಅವು ಹಾಸಿಗೆಯಿಂದ ಎದ್ದವರಿದ್ದಂತೆ, ಎದ್ದೊಡನೆ ಮಾತಾಡಿಸಿದರೆ ಗೊಣಗುತ್ತವೆ. ಆಂಪನ್ನು ನಾನು ನೆಲದ ಮೇಲಿಡುತ್ತಿದ್ದೆ. ನೀನು ಸ್ಟೂಲಿನ ಮೇಲಿಡು, ಗೋಡೆಗೆ ಆನಿಸಬೇಡ, ಒಂದು ಮೊಳ ಜಾಗ ಬಿಡು. ಗೇನ್ ೨ ದಾಟಿಸಬೇಡ, ದಾಟಿದರೆ ದನಿ ಒಡೆಯುತ್ತದೆ. ಜೋರು ಬೇಕಾದರೆ ಮಾಸ್ಟರ್ ಏರಿಸು. ಗಿಟಾರಿನಲ್ಲಿ ತಂತಿಯ ದನಿ ಹಿಡಿಯುವ ಎರಡು ಪಿಕಪ್‌ಗಳಲ್ಲಿ ಕುತ್ತಿಗೆಯ ಕಡೆಯದ್ದನ್ನೇ ಬಳಸು, ಕೆಳಗೆ ತಂತಿ ಕಟ್ಟಿರುವ ಸೇತುವೆಯ ಕಡೆಯದ್ದು ಜಗಳಗಂಟಿ. ಗಿಟಾರಿನ ಮೇಲಿರುವ ವಾಲ್ಯೂಮನ್ನು ಪೂರ್ತಿ ತೆರೆಯದೆ ೭ಕ್ಕೆ ಬಿಡು. ಬಾಸ್ ೪. ಮಿಡಲ್ ೫. ಮೇಲಿನ ಸಣ್ಣ ದನಿಗಿರುವ ಟ್ರೆಬಲ್ ೬, ಅದನ್ನು ಇನ್ನಷ್ಟು ಎತ್ತುವ ಪಕ್ಕದ ಬ್ರೈಟ್ ಸ್ವಿಚ್ ಮೇಲಕ್ಕೆ.

ಟ್ರೆಬಲ್ ನಾಬ್ ಮಾತ್ರ ಕಪ್ಪು, ಉಳಿದವೆಲ್ಲ ಕೆನೆಬಣ್ಣ, ನೋಡಿರುತ್ತೀಯ. ನಿನ್ನ ಆರನೇ ವಯಸ್ಸಿನಲ್ಲಿ ಆಂಪನ್ನು ಕುದುರೆ ಮಾಡಿಕೊಂಡು ಸವಾರಿ ಹೊರಟೆಯಲ್ಲ, ಆಗ ಹಳೆಯದು ಕಡ್ಡಿ ಸಮೇತ ಮುರಿಯಿತು. ಹೊಸದು ತಂದು ನಾನೇ ಬೆಸುಗೆ ಹಾಕಿ ಕೂರಿಸಿದ್ದು. ಎಣ್ಣೆ ಕೈಯಲ್ಲಿ ಮುಟ್ಟಬೇಡ.

ಮಿಕ್ಕಿದ್ದು ಬಲಗೈಯಲ್ಲಿದೆ. ಹೆಬ್ಬೆರಳಿನ ಮಾಂಸದಿಂದ ಮೀಟು, ಉಗುರಿನಿಂದಲ್ಲ. ಮಲಗಿದ ಮಗುವಿನ ತಲೆಯಡಿಯಿಂದ ಕೈ ತೆಗೆಯುತ್ತೀವಲ್ಲ, ಅಷ್ಟು ಮೆಲ್ಲಗೆ ತಂತಿ ಬಿಡು.

ಅಕ್ಕನಿಗೆ ಚೆನ್ನಾಗಿದ್ದೇನೆ ಅಂತ ಹೇಳು.

ನಿನ್ನ ಮಾವ


ಏಪ್ರಿಲ್ ೨

ಗುರುಗಳ ಗುರುವೇ,

ತಮ್ಮ ಆಜ್ಞೆಯ ಪ್ರಕಾರ ನಡೆದ ಪ್ರಯೋಗದ ವರದಿಯನ್ನು ಸಲ್ಲಿಸುತ್ತಿದ್ದೇನೆ.

ಸ್ಟೂಲು: ಸಿಕ್ಕಿತು. ಮೊಳ: ಅಳೆದೆ, ನನ್ನ ಮೊಳ ತಮ್ಮದಕ್ಕಿಂತ ಗಿಡ್ಡವಾದ್ದರಿಂದ ಎರಡು ಬೆರಳು ಸೇರಿಸಿದೆ. ವಾಲ್ವ್‌ಗಳು: ಎದ್ದವು, ಮುಖ ತೊಳೆದುಕೊಂಡವು. ಗೇನ್, ಮಾಸ್ಟರ್, ಬಾಸ್, ಮಿಡಲ್, ಎಲ್ಲ ಅಪ್ಪಣೆಯಂತೆ. ಹೆಬ್ಬೆರಳು ಮಗುವಿನ ತಲೆಯಡಿಯಿಂದ ಹೊರಬರಲು ಒಂದು ವಾರ ಹಿಡಿಯಿತು, ನಿಜಕ್ಕೂ ಅದೇ ಮುಖ್ಯ ಅಂತ ಗೊತ್ತಾಯಿತು.

ಆಮೇಲೆ ಟ್ರೆಬಲ್ ೬ಕ್ಕೆ ತಿರುಗಿಸಿ, ಬ್ರೈಟ್ ಸ್ವಿಚ್ ಮೇಲೆತ್ತಿ, ಒಂದು ಸ್ವರ ಮೀಟಿದೆ.

ಪಕ್ಕದ ಕ್ಷೌರದಂಗಡಿಯಲ್ಲಿ ಕತ್ತರಿ ನಿಂತಿತು. ಗಿರಾಕಿಯೊಬ್ಬರು ಅರ್ಧ ತಲೆಯಲ್ಲಿ ಬೀದಿಗೆ ಬಂದು ಮೇಲೆ ನೋಡಿದರು. ಅಮ್ಮ ಕೀ ಮಷೀನ್ ಆರಿಸಿ ಮೆಟ್ಟಿಲು ಹತ್ತಿದಳು. ಕೀ ಉಜ್ಜುವ ಸದ್ದಿನಲ್ಲೇ ಮೂವತ್ತು ವರ್ಷ ಕಳೆದವಳು ಅವಳು, ಅವಳೇ ಕಿವಿಗೆ ಕೈ ಇಟ್ಟುಕೊಂಡಿದ್ದಳು. ಬಾಗಿಲಲ್ಲಿ ನಿಂತು ಒಂದು ಮಾತು ಹೇಳಿದಳು. ಅದನ್ನು ಬರೆಯಲೋ ಬೇಡವೋ ಅಂತ ಮೂರು ದಿನ ಯೋಚಿಸಿದ್ದೇನೆ.

“ನಿನ್ನ ಮಾವನ ಗಿಟಾರು ಮೊದಲು ಮಾತಾಡ್ತಿತ್ತು ಕಣೆ. ಆಮೇಲಾಮೇಲೆ ಬೈಯೋಕೆ ಶುರು ಮಾಡ್ತು.”

ಅವಳ ಬೀರುವಿನಲ್ಲಿ ಒಂದು ಕ್ಯಾಸೆಟ್ ಸಿಕ್ಕಿತು, ಹತ್ತು ವರ್ಷದ ಹಿಂದೆ ನೀವೆಲ್ಲ ಗೋಡೌನಿನಲ್ಲಿ ನುಡಿಸಿದ್ದು. ಹಾಕಿ ಕೇಳಿದೆ. ಅದರಲ್ಲಿರುವುದು ಇಸ್ತ್ರಿ ಮಾಡಿದ ಅಂಗಿಯೇ. ಕ್ಯಾಸೆಟ್ ಒಂದು ಕಡೆ ಓಡುತ್ತಿರಲು, ಇನ್ನೊಂದು ಕಡೆ ನಾನು ನಾಬ್ ತಿರುಗಿಸುತ್ತಾ ಹೋದೆ. ಬ್ರೈಟ್ ಸ್ವಿಚ್ ಕೆಳಕ್ಕೆ, ಟ್ರೆಬಲ್ ೩ಕ್ಕೆ ಬಂದಾಗ ಎರಡೂ ಒಂದೇ ಆಯಿತು.

ಆದ್ದರಿಂದ ಸಂಶೋಧಕಿಯ ವಿನಮ್ರ ಸಂದೇಹ. ನಮ್ಮ ಅಂಕಿಗಳಲ್ಲಿ ೩ಕ್ಕೂ ೬ಕ್ಕೂ ಬಾಲದಷ್ಟೇ ವ್ಯತ್ಯಾಸ. ತಾವು ಊಟದ ಬಿಡುವಿನಲ್ಲಿ, ಅವಸರದಲ್ಲಿ, ಎಡಗೈಯಲ್ಲಿ ಡಬ್ಬಿ ಹಿಡಿದು ಬರೆಯುವಾಗ ಬಾಲ ತಿರುಚಿಕೊಂಡಿರಬಹುದೇ? ಮೂರೇ ಇರಬೇಕು, ಅಲ್ಲವೇ?

‘ಹೌದು’ ಎಂದು ಒಂದು ಗೆರೆ ಬರೆದರೆ ಸಾಕು.

ತಮ್ಮ,
ತರಲೆ


ಏಪ್ರಿಲ್ ೧೮

ಬಾಲ ಸರಿಯಾಗಿಯೇ ಇದೆ. ಆರು ಅಂದರೆ ಆರು.

ನೀನು ನೆಟ್ಟಗೆ ಕೇಳುವ ಬದಲು ಬಾಲ ಹಿಡಿದುಕೊಂಡು ಸುತ್ತುತ್ತಿದ್ದೀಯ. ಅಕ್ಕ ಏನಂದಳು, ಗುಡುಗು ಏನಂದ, ಈಗ ನೀನು. ಎಲ್ಲ ಸೇರಿ ಮಾತಾಡಿಕೊಂಡಿದ್ದೀರೋ ಹೇಗೆ?

ಇಷ್ಟು ಬರೆದು ನಿನ್ನೆ ಕವರ್ ಅಂಟಿಸಲು ಹೋದೆ. ಅಂಟು ಸಿಗಲಿಲ್ಲ. ಇವತ್ತು ಮುಂದುವರಿಸುತ್ತೇನೆ.

ನನ್ನ ಕೆಲಸ ಏನೆಂದು ನಿನಗೆ ಯಾವತ್ತೂ ಸರಿಯಾಗಿ ಹೇಳಿಲ್ಲ. ಜೋಡಿಸಿದ ಫ್ಯಾನಿನ ಮೋಟಾರು ಮೇಜಿಗೆ ಬರುತ್ತದೆ. ತಿರುಗಲು ಬಿಟ್ಟು, ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಬೇರಿಂಗಿನ ಮೇಲಿಟ್ಟು, ಹಿಡಿಯನ್ನು ಕಿವಿಗೆ ಒತ್ತಿ ಕೇಳಬೇಕು. ಒಳ್ಳೆಯ ಬೇರಿಂಗು ಮಲಗಿದ ಬೆಕ್ಕಿನ ಹಾಗೆ ಗುರುಗುಟ್ಟುತ್ತದೆ. ಕೆಟ್ಟದ್ದರಲ್ಲಿ ಆ ಗುರುಗುರುವಿನ ಮೇಲೆ ಎಳೆಯಷ್ಟು ತೆಳ್ಳಗೆ ‘ಸ್ಸೀ’ ಅಂತ ಒಂದು ಸದ್ದು. ಅದು ಕೇಳಿದರೆ ಪಕ್ಕಕ್ಕಿಡಬೇಕು. ಕೇಳದಿದ್ದರೆ ಸೀಲು ಹೊಡೆದು ಮುಂದೆ ಕಳಿಸಬೇಕು. ನಾನೊಬ್ಬ, ಕನ್ನಡಕದಮ್ಮ ಒಬ್ಬರು, ಇಬ್ಬರೇ ಈ ಕೆಲಸಕ್ಕೆ. ಸೀಲು ಒಂದೇ.

ಈ ಮೂರು ತಿಂಗಳಲ್ಲಿ ನಲವತ್ತೊಂದು ಫ್ಯಾನ್ ವಾಪಸ್ ಬಂದಿವೆ. ಎಲ್ಲದರಲ್ಲೂ ‘ಸ್ಸೀ’ ಇದೆಯಂತೆ. ಒಂದನ್ನು ನನ್ನೆದುರೇ ತಿರುಗಿಸಿದರು. ಕನ್ನಡಕದಮ್ಮ ಸ್ಕ್ರೂಡ್ರೈವರ್ ಇಡುವ ಮುಂಚೆಯೇ ಮುಖ ಕಿವುಚಿದರು. ನಾನೂ ಕಿವುಚಿದೆ, ಅವರನ್ನು ನೋಡಿಕೊಂಡು.

ಯಾರ ಮೇಜಿನಿಂದ ಹೋದವು ಅಂತ ಗೊತ್ತಿಲ್ಲದ್ದರಿಂದ ಇಬ್ಬರಿಗೂ ಮೇ ಒಂಬತ್ತಕ್ಕೆ ಕಿವಿ ಪರೀಕ್ಷೆ ಅಂದಿದ್ದಾರೆ. ಕನ್ನಡಕದಮ್ಮ ಆಗಲೇ ಒಪ್ಪಿಗೆಯ ಹಾಳೆಗೆ ಸಹಿ ಹಾಕಿದ್ದಾರೆ. ನನ್ನ ಹಾಳೆ ಡ್ರಾಯರಿನಲ್ಲಿದೆ.

ಪರೀಕ್ಷೆಗೆ ಹೆದರಿಕೆಯಿಲ್ಲ. ಆಮೇಲಿನದಕ್ಕೆ ಹೆದರಿಕೆ. ಕಿವಿ ಹೋಗಿದೆ ಅಂತ ಕಾಗದದ ಮೇಲೆ ಬಂದರೆ, ಅದು ಫ್ಯಾನಿಗೆ ಮಾತ್ರ ಹೋದದ್ದಲ್ಲವಲ್ಲ. ಎಷ್ಟು ವರ್ಷ, ಎಷ್ಟು ಜನರ ಕಿವಿ ಕೊರೆದೆ ನಾನು, ನಾನೊಬ್ಬನೇ ಬೆಚ್ಚಗಿದೆ ಅಂದುಕೊಂಡು. ಎದುರಿಗೆ ಕೂತವರು ಸುಮ್ಮನೆ ಸಹಿಸಿಕೊಂಡರು, ಒಬ್ಬ ಹೇಳಿದ, ಅವನ ಮುಖ ನೋಡುವುದನ್ನೇ ಬಿಟ್ಟೆ.

ಗಿಟಾರೂ ಆಂಪೂ ಯಾರಿಗಾದರೂ ಕೊಟ್ಟುಬಿಡು. ನೀನು ಬೇರೆಯದರಲ್ಲಿ ನುಡಿಸು. ನಾನು ಇನ್ನು ಮುಟ್ಟುವುದಿಲ್ಲ.

ಮಾವ


ಏಪ್ರಿಲ್ ೨೭

ಘನ ನ್ಯಾಯಪೀಠಕ್ಕೆ,

ಆರೋಪಿಯು ತಾನೇ ತಾನಾಗಿ, ಯಾರ ಒತ್ತಡವೂ ಇಲ್ಲದೆ, ಹೊಟ್ಟೆ ತುಂಬ ಉಂಡು, ಕೈ ಒರೆಸಿಕೊಂಡು ಬರೆದುಕೊಡುತ್ತಿರುವ ತಪ್ಪೊಪ್ಪಿಗೆ.

ಆರೋಪಿಯ ಪೂರ್ವಚರಿತ್ರೆ ಪೀಠಕ್ಕೆ ತಿಳಿದೇ ಇದೆ. ಒಂಬತ್ತನೇ ವಯಸ್ಸಿನಲ್ಲಿ ಮಾವನ ಗಿಟಾರಿನ ಆರೂ ತಂತಿ ಬಿಚ್ಚಿ, ದಪ್ಪದ್ದು ಇರಬೇಕಾದಲ್ಲಿ ಸಣ್ಣದ್ದನ್ನೂ ಸಣ್ಣದ್ದು ಇರಬೇಕಾದಲ್ಲಿ ದಪ್ಪದ್ದನ್ನೂ ಕಟ್ಟಿದ್ದು. ಹನ್ನೊಂದರಲ್ಲಿ ಅವನ ಚಪ್ಪಲಿಗಳನ್ನು ಹೊಸಿಲಿನ ಮುಂದೆ ನೆಲಕ್ಕೆ ಅಂಟಿಸಿದ್ದು. ಹದಿಮೂರರಲ್ಲಿ ‘ಇಲ್ಲಿ ಕೀ ಮಾಡಿಕೊಡಲಾಗುವುದು’ ಎಂಬ ಅಂಗಡಿಯ ಬೋರ್ಡಿಗೆ ಎರಡೇ ಅಕ್ಷರ ಸೇರಿಸಿ ‘ಇಲ್ಲಿ ಕೀಟಲೆ ಮಾಡಿಕೊಡಲಾಗುವುದು’ ಎಂದು ಮಾಡಿದ್ದು. ಆ ಬೋರ್ಡು ನಾಲ್ಕು ದಿನ ಹಾಗೇ ಇತ್ತು, ವ್ಯಾಪಾರ ಜಾಸ್ತಿಯೇ ಆಗಿತ್ತು ಎಂಬುದನ್ನು ಪೀಠ ಗಮನಿಸಬೇಕು.

ಇವೆಲ್ಲ ಚಿಲ್ಲರೆ. ಇನ್ನೊಂದು ಇದೆ. ಅದನ್ನು ನಾಲ್ಕು ವರ್ಷದಿಂದ ಹೊಟ್ಟೆಯಲ್ಲಿಟ್ಟುಕೊಂಡಿದ್ದೇನೆ.

ಮಾವ, ಆ ಕಪ್ಪು ನಾಬನ್ನು ನಾನು ಕಿತ್ತಿದ್ದೆ. ಕಿತ್ತು, ಒಂದಿಷ್ಟು ತಿರುಗಿಸಿ, ಮತ್ತೆ ಕೂರಿಸಿದೆ. ನೀನು ಒಂದು ದಿನ ತಲೆ ಕೆರೆದುಕೊಂಡು, ಮಾರನೆ ದಿನ ಕಂಡುಹಿಡಿದು, ನನ್ನ ಕಿವಿ ಹಿಂಡುತ್ತೀಯ ಅಂದುಕೊಂಡಿದ್ದೆ. ನೀನು ಕಂಡುಹಿಡಿಯಲೇ ಇಲ್ಲ. ನನಗೆ ಪರೀಕ್ಷೆ ಬಂತು, ಮರೆತೆ. ಅವತ್ತಿನಿಂದ ಆ ನಾಬಿನ ಮೂರೇ ನಿಜವಾದ ಆರು. ನೀನು ಆರಕ್ಕೆ ಇಟ್ಟಾಗಲೆಲ್ಲ ಒಳಗೆ ಅದು ಒಂಬತ್ತರಲ್ಲಿತ್ತು. ನೀನು ಆಂಪನ್ನು ನೆಲಕ್ಕಿಟ್ಟು ಪಕ್ಕದಲ್ಲಿ ನಿಂತು ನುಡಿಸುವವನು, ಅದು ನಿನ್ನ ಮೊಣಕಾಲಿಗೆ ಕಿರುಚುತ್ತಿತ್ತು. ಎದುರಿಗೆ ತಗ್ಗಿನಲ್ಲಿ ಕೂತ ಗುಡುಗು ಅಂಕಲ್‌ಗೆ ನೇರ ಮುಖಕ್ಕೆ.

ನಿನ್ನ ಕಿವಿಯಲ್ಲಿ ಏನೂ ಇಲ್ಲ. ನಾನಿದ್ದೆ, ಅಷ್ಟೇ.

ಎರಡು ವರ್ಷದ ಹಿಂದೆ ನೀನು ಕೇಬಲ್ ಸುತ್ತಿ ಹೊರಟಾಗಲೇ ಹೇಳಬೇಕಿತ್ತು. ಬಾಯಿ ಬರಲಿಲ್ಲ. ಪೀಠವು ಯಾವ ಶಿಕ್ಷೆ ಕೊಟ್ಟರೂ ಸರಿ, ಗಿಟಾರನ್ನು ಯಾರಿಗಾದರೂ ಕೊಡು ಅನ್ನಬಾರದು.

ಆರೋಪಿ


ಮೇ ೬

ಎಲೆ ಪಿಶಾಚಿ,

ಏನು ಮಾಡಲಿ ನಿನ್ನ? ಅಲ್ಲಿದ್ದಿದ್ದರೆ ಎರಡೂ ಕಿವಿ ಹಿಡಿದು ಆ ಆಂಪಿನ ಮೇಲೇ ಕೂರಿಸುತ್ತಿದ್ದೆ. ನಿನ್ನ ಕಾಗದವನ್ನು ಮೂರು ಸಲ ಓದಿದೆ. ನಾಬಿನ ವಿಷಯ ಯೋಚಿಸಿದೆ. ಹೌದು, ಅದೇ ಇರಬೇಕು. ಅದೇ.

ಮರುದಿನ ಬೆಳಿಗ್ಗೆ ಹಾಜರಿ ಹಾಕಿದವನೇ ಸೂಪರ್‌ವೈಸರ್ ಮುಂದೆ ನಿಂತು, ನನ್ನ ಕಿವಿ ಸರಿಯಾಗಿದೆ, ಎರಡು ವರ್ಷದ ಕೆಲಸ ನೋಡಿ ಬೇಕಾದರೆ, ಪರೀಕ್ಷೆಗೆ ಹೋಗುವವನಲ್ಲ ಅಂತ ಬರೆದುಕೊಟ್ಟೆ. ಅವನು ನಕ್ಕು, “ನಿಮ್ಮ ಮೇಲೆ ನನಗೆ ಯಾವತ್ತೂ ಅನುಮಾನ ಇರಲಿಲ್ಲ ಸಾರ್” ಅಂದ. ನಿಮ್ಮದು ಸರಿ ಅಂದಮೇಲೆ ಅವರದ್ದೇ ತಪ್ಪು, ಇನ್ನು ಪರೀಕ್ಷೆ ಯಾಕೆ ಅಂತ ಅವನ ತರ್ಕ. ಕನ್ನಡಕದಮ್ಮನನ್ನು ಪ್ಯಾಕಿಂಗಿಗೆ ಹಾಕುತ್ತಾರಂತೆ. ಅಲ್ಲಿ ನಿಂತೇ ಕೆಲಸ. ಇರಲಿ, ಗಟ್ಟಿ ಹೆಂಗಸು.

ಜೂನ್ ಹದಿಮೂರಕ್ಕೆ ಬರುತ್ತೇನೆ. ಹಾಲಿನಲ್ಲಿ ಕೊನೆಯ ಎರಡು ಹಾಡು ನಾನೇ ನುಡಿಸುತ್ತೇನೆ ಅಂತ ಗುಡುಗಿಗೆ ಹೇಳು. ಕಾರಣ ಹೇಳಬೇಡ, ಎದುರಿಗೆ ನಾನೇ ಹೇಳಿ ಅವನ ಮುಖ ನೋಡಬೇಕು.

ರಾತ್ರಿ ಊಟಕ್ಕೆ ಮುಂಚೆ ದಿನಾ ಪೊರಕೆಯನ್ನೇ ಗಿಟಾರಿನಂತೆ ಹಿಡಿದು ಬೆರಳಾಡಿಸುತ್ತಿದ್ದೇನೆ. ಬೆರಳು ಏನೂ ಮರೆತಿಲ್ಲ.

ನಿನ್ನ ಮಾವ


ಮೇ ೧೩

ಮಾವ,

ನೀನು ಬರುವುದು ಕೇಳಿ ಅಮ್ಮ ಒಲೆ ಮುಂದೆ ನಿಂತು ಅತ್ತಳು. ಈರುಳ್ಳಿ ಅಂದಳು. ಈರುಳ್ಳಿ ಇರಲಿಲ್ಲ.

ಪರೀಕ್ಷೆಗೆ ಒಂದು ಸಲ ಹೋಗಿಬಿಡು. ಸುಮ್ಮನೆ. ಹೋದರೆ ಏನಾಗುತ್ತೆ?

ಕನ್ನಡಕದಮ್ಮ ಅಂದರೆ ಅವತ್ತು ‘ಯಾಕೆ ನಗ್ತಿದ್ದೀರಿ’ ಅಂದವರೇ ಅಲ್ಲವಾ?

ತರಲೆ


ಮೇ ೨೧
(ಕಾರ್ಡು)

ಪುರುಸೊತ್ತಿಲ್ಲ, ಎರಡು ಮೇಜಿನ ಕೆಲಸ ನಾನೊಬ್ಬನೇ ಮಾಡುತ್ತಿದ್ದೇನೆ. ಹೌದು, ಅವರೇ. ಸೋಮವಾರ ಪ್ಯಾಕಿಂಗಿಗೆ ಹೋದರು. ಕುರ್ಚಿಯ ದಿಂಬು ಇಲ್ಲೇ ಬಿಟ್ಟಿದ್ದಾರೆ, ಅಲ್ಲಿ ಕುರ್ಚಿ ಇಲ್ಲವಲ್ಲ. ಹೋಗುವಾಗ ತಮ್ಮ ಸ್ಕ್ರೂಡ್ರೈವರನ್ನು ನನ್ನ ಮೇಜಿನ ಮೇಲಿಟ್ಟು, “ನಿಮ್ಮ ಕಿವಿ ಚೆನ್ನಾಗಿದೆಯಲ್ಲ, ಸಂತೋಷ. ನನ್ನದೇ ಹೋಗಿರಬೇಕು, ವಯಸ್ಸಾಯ್ತು” ಅಂದರು. ನನಗಿಂತ ಆರು ವರ್ಷ ಚಿಕ್ಕವರು.

ಮಾವ


ಮೇ ೨೯

ಮಾವ,

ಈ ಸಲ ಬಿರುದು ಇಲ್ಲ, ಪೀಠ ಇಲ್ಲ. ನೆಟ್ಟಗೆ ಬರೆಯುತ್ತೇನೆ.

ನೀನು ಹದಿಮೂರಕ್ಕೆ ಬಂದವನೇ ಮೊದಲು ಆ ನಾಬನ್ನು ನೋಡುತ್ತೀಯ ಅಂತ ನನಗೆ ದಿಗಿಲಾಗಿತ್ತು. ಅದಕ್ಕೆ ಮೊನ್ನೆ ಅಮ್ಮ ಕೆಳಗಿದ್ದಾಗ ಬಾಗಿಲು ಹಾಕಿಕೊಂಡು ನಾಬನ್ನು ಎಳೆದೆ. ತಿರುಗಿಸಿ ಕೂರಿಸೋಣ ಅಂತ. ಕೂರಲಿಲ್ಲ. ನೋಡಿದರೆ ಒಳಗಿನ ಕಡ್ಡಿ ಪೂರ್ತಿ ಗುಂಡಗಿಲ್ಲ, ಒಂದು ಕಡೆ ಚಪ್ಪಟೆ. ನಾಬಿನ ತೂತೂ ಒಂದು ಕಡೆ ಚಪ್ಪಟೆ. ಚಪ್ಪಟೆಗೆ ಚಪ್ಪಟೆ ಸೇರಿದರೆ ಮಾತ್ರ ಒಳಕ್ಕೆ ಹೋಗುತ್ತದೆ. ಬೀಗಕ್ಕೆ ಕೀ ಇದ್ದ ಹಾಗೆ, ಒಂದೇ ದಾರಿ.

ಕೀ ಉಜ್ಜುವ ಅರ ತಂದುಕೊಂಡೆ. ಆ ತೂತನ್ನು ಉಜ್ಜಿ ಗುಂಡಗೆ ಮಾಡುವುದು ನನಗೆ ಎರಡು ನಿಮಿಷದ ಕೆಲಸ. ನಕಲು ಮಾಡುವುದೇ ನಮ್ಮ ಮನೆಯ ಕಸುಬು. ಎರಡು ಸಲ ಉಜ್ಜಿದೆ. ಕೆಳಗಿನಿಂದ ಅಮ್ಮ, “ಏನೇ ಅದು ಉಜ್ತಿರೋದು?” ಅಂದಳು.

“ಕೀ” ಅಂದೆ.

“ಮೇಲೆ ಯಾವ ಬೀಗ ಇದೆ?” ಅಂದಳು.

ಅರ ಕೆಳಗಿಟ್ಟೆ.

ಮಾವ, ನಾನು ಆ ನಾಬನ್ನು ಯಾವತ್ತೂ ಕಿತ್ತಿರಲಿಲ್ಲ. ನಾಲ್ಕು ವರ್ಷದ ಹಿಂದೆಯೂ ಇಲ್ಲ, ಮೊನ್ನೆಯವರೆಗೂ ಇಲ್ಲ. ತಂತಿ ಅದಲುಬದಲು ಮಾಡಿದ್ದು ನಾನೇ. ಚಪ್ಪಲಿ ಅಂಟಿಸಿದ್ದೂ ನಾನೇ. ಇಷ್ಟು ವರ್ಷದಲ್ಲಿ ನಾನು ಮಾಡದೇ ಇದ್ದ ಕೀಟಲೆ ಅದೊಂದೇ, ಅದನ್ನೇ ಒಪ್ಪಿಕೊಂಡೆ. ಗಿಟಾರು ಮುಟ್ಟುವುದಿಲ್ಲ ಅಂತ ನೀನು ಬರೆದಿದ್ದೆಯಲ್ಲ, ಅದನ್ನು ಓದಿ ಇನ್ನೇನೂ ಹೊಳೆಯಲಿಲ್ಲ. ನನ್ನ ಹೆಸರು ಹೇಗೂ ಕೆಟ್ಟಿದೆ, ಇನ್ನೊಂದು ಸೇರಿದರೆ ಯಾರಿಗೆ ನಷ್ಟ ಅಂದುಕೊಂಡೆ. ಪಕ್ಕದ ಮೇಜಿನಲ್ಲಿ ಒಬ್ಬರು ಇದ್ದಾರೆ ಅನ್ನುವುದು ತಲೆಗೆ ಬರಲಿಲ್ಲ.

ಮೂರು ಅಂದರೆ ಮೂರೇ. ಆರು ಅಂದರೆ ಆರೇ. ನಮಗೆಲ್ಲ ಮೂರರಲ್ಲಿ ಕೇಳುವುದು ನಿನಗೆ ಆರರಲ್ಲಿ ಕೇಳುತ್ತದೆ. ಅಷ್ಟೇ ಆಗಿರುವುದು. ಬೆರಳು ಹಾಗೇ ಇದೆ, ನೀನೇ ಹೇಳಿದೆ. ನಾಬ್ ನಾನು ತಿರುಗಿಸುತ್ತೇನೆ, ನೀನು ನುಡಿಸು. ಅದರಲ್ಲಿ ಏನು ಅವಮಾನ?

ಆದರೆ ಮೊದಲು ಪರೀಕ್ಷೆಗೆ ಹೋಗು. ದಿಂಬು ವಾಪಸ್ ಕೊಡು.

ಈ ಕಾಗದ ಓದಿ ನೀನು ಹದಿಮೂರಕ್ಕೆ ಬರದಿದ್ದರೆ ಅದು ನನಗೆ ಸಲ್ಲಬೇಕಾದ್ದೇ. ಅಮ್ಮನಿಗೆ ಏನೂ ಹೇಳಿಲ್ಲ. ಅವಳು ನಿನ್ನ ಹಾಸಿಗೆ ಬಿಸಿಲಿಗೆ ಹಾಕಿದ್ದಾಳೆ.

ನಿನ್ನ ಅಕ್ಕನ ಮಗಳು


ಜೂನ್ ೮

ಶ್ರೀಮತ್ ಕೀಟಲೆ ಚಕ್ರವರ್ತಿನಿ, ನಕಲು ಕೀ ನಿಪುಣೆ, ಅರ ಹಿಡಿದೂ ಎರಡೇ ಸಲ ಉಜ್ಜಿ ಕೆಳಗಿಟ್ಟ ಮಹಾಸಂಯಮಿ, ಚಪ್ಪಲಿ ಸ್ತಂಭನ ವಿದ್ಯಾಪಾರಂಗತೆ, ನನ್ನ ಅಕ್ಕನ ಏಕಮಾತ್ರ ಪುತ್ರಿಯವರ ಸನ್ನಿಧಿಗೆ,

ನೋಡು, ನನಗೂ ಬರುತ್ತದೆ. ಇಡೀ ಸಂಜೆ ಹಿಡಿಯಿತು.

ಪರೀಕ್ಷೆಗೆ ಹೋಗಿದ್ದೆ. ಸಣ್ಣ ಕೋಣೆ, ಗೋಡೆಗೆಲ್ಲ ಹಾಸಿಗೆ ಹೊದಿಸಿದಂತಿದೆ. ತಲೆಗೆ ಹೆಡ್‌ಫೋನ್, ಕೈಗೆ ಒಂದು ಬಟನ್. ಸದ್ದು ಕೇಳಿದಾಗ ಒತ್ತಬೇಕು. ಗಾಜಿನಾಚೆ ಕೂತ ಹುಡುಗಿ ಸದ್ದು ಬಿಡುವಾಗಲೆಲ್ಲ ಅವಳ ಬಲಭುಜ ಒಂದಿಷ್ಟು ಮೇಲೇಳುತ್ತಿತ್ತು. ಭುಜ ಎದ್ದಾಗಲೆಲ್ಲ ಒತ್ತಿದೆ. ಅವಳು ಹೊರಗೆ ಬಂದು, “ಅಬ್ಬ, ಇಪ್ಪತ್ತರ ಹುಡುಗರಿಗೂ ಇಷ್ಟು ಚೆನ್ನಾಗಿ ಕೇಳಲ್ಲ” ಅಂದಳು. ಆ ಹಾಳೆ ತೆಗೆದುಕೊಂಡು ಬಾಗಿಲವರೆಗೂ ಬಂದೆ. ಅಲ್ಲಿಂದ ತಿರುಗಿ ಹೋಗಿ, “ಕುರ್ಚಿ ಆ ಕಡೆ ತಿರುಗಿಸಿ ಇನ್ನೊಂದು ಸಲ ಮಾಡಮ್ಮ” ಅಂದೆ.

ಎರಡನೇ ಹಾಳೆಯಲ್ಲಿ ಗೆರೆ ಅರ್ಧದವರೆಗೆ ನೆಲದ ಹಾಗೆ ಹೋಗುತ್ತದೆ, ಆಮೇಲೆ ಮೆಟ್ಟಿಲಿಳಿಯುತ್ತದೆ. ಕೆಳದನಿ ಪರವಾಗಿಲ್ಲ, ಮೇಲಿನದ್ದು ಹೋಗಿದೆ. ಐದಾರು ವರ್ಷದಿಂದ ಸ್ವಲ್ಪ ಸ್ವಲ್ಪವೇ ಹೋಗಿರಬೇಕು, ಹಾಗೆ ಹೋದರೆ ಕಿವಿ ಹೋದವರಿಗೇ ಗೊತ್ತಾಗುವುದಿಲ್ಲ ಅಂದಳು. ಅಷ್ಟು ವರ್ಷ ಒಂದೊಂದೇ ಸ್ವರ ಎದ್ದುಹೋಗುತ್ತಿದ್ದರೂ ನಾನು ಖಾಲಿ ಕುರ್ಚಿಗಳಿಗೆ ನುಡಿಸುತ್ತಿದ್ದೆ.

ಹಾಳೆಯನ್ನು ಸೂಪರ್‌ವೈಸರಿಗೆ ಕೊಟ್ಟು, ವಾಪಸ್ ಬಂದ ಫ್ಯಾನುಗಳು ನನ್ನವು ಅಂತ ಹೇಳಿದೆ. ದಿಂಬನ್ನು ನಾನೇ ಪ್ಯಾಕಿಂಗಿಗೆ ತೆಗೆದುಕೊಂಡು ಹೋದೆ. ಕನ್ನಡಕದಮ್ಮ ಅದನ್ನು ಇಸಿದುಕೊಂಡರು. ಮೇಜಿಗೆ ಬಂದು, ತಮ್ಮ ಸ್ಕ್ರೂಡ್ರೈವರನ್ನು ಕರವಸ್ತ್ರದಲ್ಲಿ ತುಂಬ ಹೊತ್ತು ಒರೆಸಿದರು. ಇನ್ನೂ ನನ್ನ ಜೊತೆ ಮಾತಾಡಿಲ್ಲ. ಆಡಬೇಕಾಗಿಯೂ ಇಲ್ಲ. ಈಗ ನಾನು ಪ್ಯಾಕಿಂಗಿನಲ್ಲಿದ್ದೇನೆ. ಇಲ್ಲಿ ಕಿವಿ ಬೇಡ, ಮೊಣಕೈ ಸಾಕು.

ಹದಿಮೂರಕ್ಕೆ ಬರುತ್ತೇನೆ. ನುಡಿಸುವುದಿಲ್ಲ, ಈ ಸಲ ಬೇಡ. ಮೂರನೇ ಸಾಲಿನಲ್ಲಿ ಕೂರುತ್ತೇನೆ. ಟ್ರೆಬಲ್ ಮೂರಕ್ಕಿರಲಿ, ಬ್ರೈಟ್ ಕೆಳಗಿರಲಿ. ನನಗೆ ಅದು ಕಂಬಳಿ ಹೊದ್ದು ಮಾತಾಡಿದ ಹಾಗೆ ಕೇಳಿಸಬಹುದು. ಹಾಲಿನಲ್ಲಿರುವವರ ಮುಖ ನೋಡಿ ತಿಳಿದುಕೊಳ್ಳುತ್ತೇನೆ, ಭುಜ ನೋಡಿದ ಅನುಭವ ಇದೆಯಲ್ಲ. ನುಡಿಸುವಾಗ ನೀನು ನನ್ನ ಕಡೆ ನೋಡಬೇಡ. ಗುಡುಗಿಗೆ ಒಂದು ಮಾತು ಹೇಳಬೇಕಾಗಿದೆ. ಏನೆಂದು ಇನ್ನೂ ಗೊತ್ತಿಲ್ಲ, ಬಸ್ಸಿನಲ್ಲಿ ಯೋಚಿಸುತ್ತೇನೆ.

ನೀನು ಸುಳ್ಳು ಹೇಳಿದೆ ಅಂತ ಕೊರಗಬೇಡ. ಕನ್ನಡಕದಮ್ಮನನ್ನು ಕುರ್ಚಿಯಿಂದ ಎಬ್ಬಿಸಿದ್ದು ನೀನಲ್ಲ.

ನಿನ್ನ ಮಾವ

ವಿ.ಸೂ.: ಆ ಚಪ್ಪಟೆ ಕಡ್ಡಿಯನ್ನು ಆಂಪಿಗೆ ಬೆಸೆದು ನಾಬ್ ಕೂರಿಸಿದವನು ನಾನು. ಅದು ಒಂದೇ ಥರ ಕೂರುತ್ತದೆ ಅನ್ನುವುದು ನಿನ್ನ ತಪ್ಪೊಪ್ಪಿಗೆ ಓದಿದ ದಿನವೇ ನನಗೆ ಗೊತ್ತಿತ್ತು. ಗೊತ್ತಿದ್ದೂ ನಾಲ್ಕು ವಾರ ಆ ಸುಳ್ಳಿನೊಳಗೆ ಕೂತಿದ್ದೆ. ಬೆಚ್ಚಗಿತ್ತು.